ಹೆಸರಿಲ್ಲದ ಹಕ್ಕಿಯೊಂದರ ಚರಿತ್ರೆ

ನಮ್ಮ ಸೀಮೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಆನೆಯ ಹೊರತು ಬೇರೊಂದು ಪ್ರಾಣಿ ಕಾಣುವುದೇ ಅಪರೂಪ. ಹೆಗ್ಗಡದೇವನಕೋಟೆ ಎಂದರೆ ಕಾಕನಕೋಟೆ. ಕಾಕನಕೋಟೆ ಎಂದರೆ ಖೆಡ್ಡಾ. ಖೆಡ್ಡಾ ಎಂದರೆ ಮಹಾರಾಜರು, ವೈಸ್‌ರಾಯ್‌ಗಳು, ಕಬಿನಿಯ ನೀರಿಗೆ ಇಳಿದ ಕಾಡಾನೆಗಳ ಹಿಂಡು. 1971ರಲ್ಲಿ ಕೊನೆಯ ಖೆಡ್ಡಾ ಮುಗಿಯಿತು. ಆಮೇಲೆ ಹುಲಿಯ ಕಾಲ ಬಂದಿತು. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ 1999ರಲ್ಲಿ ಹುಲಿ ಯೋಜನೆಗೆ ಸೇರಿತು. ದೊಡ್ಡ ಪ್ರಾಣಿಗಳ ಚರಿತ್ರೆ ದೊಡ್ಡ ಮನುಷ್ಯರ ಚರಿತ್ರೆಯಂತೆಯೇ, ತಾನಾಗಿ ಬರೆಸಿಕೊಳ್ಳುತ್ತದೆ. ಇಂದು ನಾನು ಬರೆಯಹೊರಟಿರುವುದು ಒಂದು ರೂಪಾಯಿಯ ಎರಡು ನಾಣ್ಯಗಳಷ್ಟು ಮಾತ್ರ ತೂಗುವ ಒಂದು ಹಕ್ಕಿಯನ್ನು ಕುರಿತು. ಅದು ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ಪ್ರತಿವರ್ಷ ಬರುತ್ತದೆ, ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಇಲ್ಲಿಯೇ ಇರುತ್ತದೆ. ಆದರೂ ನಮ್ಮ ಹಳ್ಳಿಗಳ ಬಾಯಲ್ಲಿ ಅದಕ್ಕೊಂದು ಹೆಸರಿದ್ದುದು ನನ್ನ ಕಿವಿಗೆ ಬಿದ್ದಿಲ್ಲ. ನವಿಲಿಗೆ, ಗಿಳಿಗೆ, ಮರಕುಟಿಗನಿಗೆ, ಕೆಂಬೂತಕ್ಕೆ ಹೆಸರಿಟ್ಟ ಜನ ಇದನ್ನು ಗುಬ್ಬಚ್ಚಿಯ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಟ್ಟಿದ್ದಾರೆ.

ಕನ್ನಡದ ಪಕ್ಷಿಪ್ರಿಯರು ಇತ್ತೀಚಿನ ದಶಕಗಳಲ್ಲಿ ಇಂಥ ಹಕ್ಕಿಗಳನ್ನು ಉಲಿಯಕ್ಕಿ ಎಂದು ಕರೆಯುತ್ತಾರೆ. ಎಲೆಗಳ ನಡುವೆಯೇ ಬಾಳುವ ಬಳಗಕ್ಕೆ ಎಲೆ ಉಲಿಯಕ್ಕಿ ಎಂಬ ಹೆಸರು ಸಲ್ಲುತ್ತದೆ. ಶಾಸ್ತ್ರದ ಹೆಸರಾದ ಫಿಲ್ಲೋಸ್ಕೋಪಸ್ ಎಂಬುದಕ್ಕೂ ಗ್ರೀಕ್ ಭಾಷೆಯಲ್ಲಿ ಎಲೆಯನ್ನು ಹುಡುಕಿ ನೋಡುವವನು ಎಂದೇ ಅರ್ಥ. ಈ ಬಳಗದ ಹಲವು ಹಕ್ಕಿಗಳು ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುತ್ತವೆ. ನಾನು ಹೇಳಹೊರಟಿರುವುದು ಅವುಗಳಲ್ಲಿ ಇಂಗ್ಲಿಷಿನಲ್ಲಿ ಗ್ರೀನಿಶ್ ವಾರ್ಬ್ಲರ್ ಎನಿಸಿಕೊಂಡ, ಫಿಲ್ಲೋಸ್ಕೋಪಸ್ ಟ್ರೋಕಿಲಾಯ್ಡಿಸ್ ಎಂಬ ಹಕ್ಕಿಯನ್ನು ಕುರಿತು. ನಾನು ಇದನ್ನು ಹಸುರು ಉಲಿಯಕ್ಕಿ ಎನ್ನುತ್ತೇನೆ.

ಇದನ್ನು ನೋಡುವುದಕ್ಕಿಂತ ಕೇಳುವುದು ಸುಲಭ. ಉದ್ದ ನಾಲ್ಕು ಅಂಗುಲ. ಬೆನ್ನು ಮಾಸಿದ ಹಸುರು, ಹೊಟ್ಟೆ ಮಾಸಿದ ಬಿಳುಪು. ಕಣ್ಣಿನ ಮೇಲೆ ಹುಬ್ಬು ತೀಡಿದಂತೆ ಒಂದು ತಿಳಿಗೆರೆ. ರೆಕ್ಕೆಯ ಮೇಲೆ ಇನ್ನೂ ತೆಳುವಾದ, ಸವೆದರೆ ಕಾಣದೇ ಹೋಗುವ ಒಂದು ಬಿಳಿಪಟ್ಟೆ. ಮಾವಿನ ಮರದ ನಡುಮೇಲಿನ ಎಲೆಗಳಲ್ಲಿ ಅದು ಒಂದು ಕ್ಷಣವೂ ನಿಲ್ಲದೆ ಓಡಾಡುತ್ತದೆ. ಎಲೆಯ ಅಡಿಭಾಗವನ್ನು ಕತ್ತೆತ್ತಿ ನೋಡುತ್ತದೆ, ಸಣ್ಣ ಹುಳುವನ್ನೋ ಜೇಡವನ್ನೋ ಹೇನನ್ನೋ ಹೆಕ್ಕುತ್ತದೆ, ಮುಂದಿನ ರೆಂಬೆಗೆ ಹಾರುತ್ತದೆ. ನಡುನಡುವೆ ಎರಡಕ್ಷರದ ಒಂದು ಕರೆ: 'ಚಿ-ಸ್ವೀ'. ಅಷ್ಟು ಸಣ್ಣ ಮೈಗೆ ಆ ದನಿ ಜೋರೇ ಸರಿ. ಕಾರ್ತಿಕದಿಂದ ಫಾಲ್ಗುಣದವರೆಗೆ ನಮ್ಮ ಕಡೆಯ ಯಾವುದೇ ಹಳೆಯ ತೋಪಿನಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ನಿಂತರೆ ಈ ಕರೆ ಕಿವಿಗೆ ಬೀಳುವ ಸಂಭವ ಹೆಚ್ಚು. ಕೇಳಿದವರು ಅದನ್ನು ಯಾವುದೋ ಕೀಟದ ಸದ್ದೆಂದು ಭಾವಿಸುವುದೂ ಉಂಟು.

ಈ ಹಕ್ಕಿಗೆ ಶಾಸ್ತ್ರದ ಹೆಸರು ದೊರೆತದ್ದು ನಮ್ಮ ದೇಶದಲ್ಲಿ ಸಿಕ್ಕ ಮಾದರಿಗಳಿಂದಲೇ ಎಂಬುದು ಗಮನಿಸತಕ್ಕ ಸಂಗತಿ. ಸ್ವೀಡನ್ ದೇಶದ ಪ್ರಾಣಿಶಾಸ್ತ್ರಜ್ಞ ಸುಂಡೆವಾಲ್ 1837ರಲ್ಲಿ ಕಲ್ಕತ್ತೆಯ ಹಕ್ಕಿಯನ್ನು ವಿವರಿಸಿ ಟ್ರೋಕಿಲಾಯ್ಡಿಸ್ ಎಂದ. ಆರು ವರ್ಷಗಳ ಅನಂತರ, 1843ರಲ್ಲಿ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಅದೇ ಊರಿನ ಸುತ್ತಲ ಇಂಥದೇ ಇನ್ನೊಂದು ಹಕ್ಕಿಗೆ ವಿರಿಡಾನಸ್ ಎಂದು ಹೆಸರಿಟ್ಟ. 1861ರಲ್ಲಿ, ಚೀನಾದಲ್ಲಿ ಬ್ರಿಟಿಷ್ ಕಾನ್ಸಲ್ ಕಚೇರಿಯ ಅಧಿಕಾರಿಯಾಗಿದ್ದ ರಾಬರ್ಟ್ ಸ್ವಿನ್‌ಹೋ ಎಂಬಾತ ರೆಕ್ಕೆಯ ಮೇಲೆ ಒಂದರ ಬದಲು ಎರಡು ಪಟ್ಟೆಗಳಿದ್ದ ಹಕ್ಕಿಯನ್ನು ಕಂಡು ಪ್ಲಂಬೀಟಾರ್ಸಸ್ ಎಂದು ಕರೆದ. ಹೀಗೆ ಒಂದೊಂದು ಮೂಲೆಯಿಂದ ಒಂದೊಂದು ಹೆಸರು ಬಂದವು. ಇವೆಲ್ಲ ಒಂದೇ ಮನೆತನದವೋ ಬೇರೆಬೇರೆಯೋ ಎಂಬುದನ್ನು ಹೇಳಬಲ್ಲವರು ಆಗ ಯಾರೂ ಇರಲಿಲ್ಲ. ಕಲ್ಕತ್ತೆಯಲ್ಲಿ ಕುಳಿತವರಿಗೆ ಸಿಕ್ಕಿದ್ದು ಚಳಿಗಾಲದ ಹಕ್ಕಿ: ಗೂಡಿಲ್ಲ, ಮೊಟ್ಟೆಯಿಲ್ಲ, ಹಾಡಂತೂ ಅಪರೂಪ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಹಕ್ಕಿಗಳ ಕ್ರಮಬದ್ಧವಾದ ಸಮೀಕ್ಷೆ ನಡೆದದ್ದು 1939-40ರಲ್ಲಿ. ನಡೆಸಿದವರು ಸಲೀಂ ಅಲಿ. ಅದರ ವರದಿ 1942-43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚಾಯಿತು. ಸಲೀಂ ಅಲಿಯವರು ತಂದ ಮಾದರಿಗಳ ಮೇಲೆ ಟಿಪ್ಪಣಿ ಬರೆದಾತ ಹ್ಯೂ ವಿಸ್ಲರ್, ಪಂಜಾಬಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. ಪಶ್ಚಿಮ ಹಿಮಾಲಯದಲ್ಲಿ ಗೂಡು ಕಟ್ಟುವ ಹಸುರು ಉಲಿಯಕ್ಕಿಗೆ ಲಡ್ಲೋವಿ ಎಂಬ ಪ್ರತ್ಯೇಕ ಹೆಸರನ್ನು 1931ರಲ್ಲಿ ಕೊಟ್ಟವನೂ ಇದೇ ವಿಸ್ಲರ್. ಅವನ ಆಪ್ತ ಸ್ನೇಹಿತ ಕ್ಲಾಡ್ ಟೈಸ್‌ಹರ್ಸ್ಟ್ ವೃತ್ತಿಯಿಂದ ವೈದ್ಯ. ಪ್ರವೃತ್ತಿಯಿಂದ ಈ ಎಲೆ ಉಲಿಯಕ್ಕಿಗಳ ಕುಲಗುರು ಎನ್ನಬಹುದು.

1938ರಲ್ಲಿ ಟೈಸ್‌ಹರ್ಸ್ಟ್ ಈ ಕುಲವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ. ವಸ್ತುಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿದ್ದ ಒಣಗಿದ ಚರ್ಮಗಳನ್ನು ಅವುಗಳು ಸಿಕ್ಕಿದ ಊರುಗಳ ಕ್ರಮದಲ್ಲಿ ಜೋಡಿಸಿದಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಅದನ್ನು ತಿಳಿಯಬೇಕಾದರೆ ನೀವು ಭೂಪಟವನ್ನು ಮುಂದೆ ಇಟ್ಟುಕೊಳ್ಳಬೇಕು.

ಏಷ್ಯಾದ ನಡುವೆ ಟಿಬೆಟ್ಟಿನ ಪ್ರಸ್ಥಭೂಮಿ ಇದೆಯಷ್ಟೆ. ಅಲ್ಲಿ ಮರವಿಲ್ಲ, ಮರವಿಲ್ಲದೆಡೆ ಎಲೆ ಉಲಿಯಕ್ಕಿಗೆ ಬಾಳಿಲ್ಲ. ಅದರ ಸುತ್ತ ಮಾತ್ರ ಕಾಡಿನ ಒಂದು ಉಂಗುರವಿದೆ. ದಕ್ಷಿಣಕ್ಕೆ ಹಿಮಾಲಯ, ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕಾಶ್ಮೀರ, ತಿಯಾನ್‌ಶಾನ್ ಪರ್ವತಗಳು, ಆಮೇಲೆ ಸೈಬೀರಿಯಾ, ಪೂರ್ವಕ್ಕೆ ಹೊರಟರೆ ಚೀನಾದ ಬೆಟ್ಟಗಳು, ಆಮೇಲೆ ಮತ್ತೆ ಸೈಬೀರಿಯಾ. ಈ ಹಕ್ಕಿಯ ಪೂರ್ವಜರು ದಕ್ಷಿಣದ ಹಿಮಾಲಯದಿಂದ ಎರಡು ದಾರಿಯಾಗಿ ಹರಡಿದವು ಎಂದು ವಿದ್ವಾಂಸರು ಹೇಳುತ್ತಾರೆ. ಒಂದು ಬಳಗ ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೋಯಿತು, ಇನ್ನೊಂದು ಅಪ್ರದಕ್ಷಿಣೆಯಾಗಿ. ಸಾವಿರಾರು ತಲೆಮಾರುಗಳ ಕಾಲ ಕಾಡಿನಿಂದ ಕಾಡಿಗೆ ಸರಿಯುತ್ತ ಎರಡೂ ಮಧ್ಯ ಸೈಬೀರಿಯಾದಲ್ಲಿ, ಯೆನಿಸೇ ನದಿಯ ಸೀಮೆಯಲ್ಲಿ, ಮತ್ತೆ ಎದುರುಬದುರಾದವು. ಆ ಹೊತ್ತಿಗೆ ಅವು ಪರಸ್ಪರ ಅಪರಿಚಿತರಾಗಿದ್ದವು. ಪಶ್ಚಿಮದಿಂದ ಬಂದದ್ದಕ್ಕೆ ರೆಕ್ಕೆಯಲ್ಲಿ ಒಂದು ಪಟ್ಟೆ, ಅದು ಬ್ಲೈತನ ವಿರಿಡಾನಸ್. ಪೂರ್ವದಿಂದ ಬಂದದ್ದಕ್ಕೆ ಎರಡು ಪಟ್ಟೆ, ಅದು ಸ್ವಿನ್‌ಹೋನ ಪ್ಲಂಬೀಟಾರ್ಸಸ್. ಒಂದೇ ಕಾಡಿನಲ್ಲಿ ಗೂಡು ಕಟ್ಟಿದರೂ ಅವು ಸಂಬಂಧ ಬೆಳೆಸುವುದಿಲ್ಲ.

ಆದರೆ ಉಂಗುರದ ಉದ್ದಕ್ಕೂ ನಡೆದು ನೋಡಿ: ಎಲ್ಲಿಯೂ ಇಲ್ಲಿಗೆ ಒಂದು ಜಾತಿ ಮುಗಿಯಿತು, ಇಲ್ಲಿಂದ ಇನ್ನೊಂದು ಎಂದು ಗೆರೆ ಎಳೆಯುವಂತಿಲ್ಲ. ನೆರೆಹೊರೆಯ ಹಕ್ಕಿಗಳು ಎಲ್ಲೆಡೆಯೂ ನೆಂಟರೇ. ನಿಮಗೆ ನಮ್ಮ ಭಾಷೆಯ ನಿದರ್ಶನವೇ ಸಾಕು. ಹುಣಸೂರಿನವನಿಗೆ ಕೃಷ್ಣರಾಜನಗರದ ಮಾತು ತನ್ನದೇ. ಅಲ್ಲಿಯವನಿಗೆ ಹಾಸನದ್ದು ಪರಕೀಯವಲ್ಲ. ಹಾಸನದವನಿಗೆ ಚಿಕ್ಕಮಗಳೂರು, ಅಲ್ಲಿಂದ ಶಿವಮೊಗ್ಗ, ಹಾವೇರಿ, ಧಾರವಾಡ, ಹೀಗೆ ಊರಿಂದೂರಿಗೆ ಒಂದಿಷ್ಟು ರಾಗ, ಒಂದಿಷ್ಟು ಪದ ಬದಲಾಗುತ್ತದೆ, ಅಷ್ಟೆ. ಆದರೆ ನಮ್ಮ ಹನಗೋಡಿನ ಅಜ್ಜಿಯನ್ನು ಕರೆದೊಯ್ದು ನೇರವಾಗಿ ಬೀದರಿನ ಸಂತೆಯಲ್ಲಿ ನಿಲ್ಲಿಸಿದರೆ ಆಕೆ ಅರ್ಧ ಮಾತಿಗೆ ಕಣ್ಣು ಕಣ್ಣು ಬಿಡುತ್ತಾಳೆ. ಕನ್ನಡ ನಾಡು ಉಂಗುರದ ಆಕಾರದಲ್ಲಿಲ್ಲ, ಆದ್ದರಿಂದ ಬೀದರೂ ಹನಗೋಡೂ ಅಕ್ಕಪಕ್ಕ ಬರುವುದಿಲ್ಲ. ಈ ಹಕ್ಕಿಯ ನಾಡು ಉಂಗುರವಾಗಿತ್ತು. ಎರಡು ತುದಿಗಳೂ ಒಂದೇ ಮರಕ್ಕೆ ಬಂದು ಕುಳಿತವು.

1942ರಲ್ಲಿ ಅರ್ನ್‌ಸ್ಟ್ ಮೇಯರ್ ಎಂಬ ವಿಖ್ಯಾತ ಜೀವವಿಜ್ಞಾನಿ ಟೈಸ್‌ಹರ್ಸ್ಟನ ಈ ಶೋಧವನ್ನು ತನ್ನ ಗ್ರಂಥದಲ್ಲಿ ಎತ್ತಿಹಿಡಿದ. ಒಂದು ಜಾತಿ ಎರಡಾಗುವುದು ಕಾಲದಲ್ಲಿ ನಡೆಯುವ ಕ್ರಿಯೆ, ಅದನ್ನು ಯಾರೂ ಕಣ್ಣಾರೆ ನೋಡಲಾರರು. ಇಲ್ಲಿ ಅದೇ ಕ್ರಿಯೆ ಭೂಪಟದ ಮೇಲೆ ಹರಡಿಕೊಂಡಂತಿದೆ. ಕಾಲದಲ್ಲಿ ಹಿಂದಕ್ಕೆ ಹೋಗಲಾಗದವನು ನೆಲದ ಮೇಲೆ ನಡೆದು ನೋಡಬಹುದು. ಹಾಗೆ ನಿಜವಾಗಿ ನೋಡಿದವರು ಡ್ಯಾರೆನ್ ಇರ್ವಿನ್ ಮತ್ತು ಅವರ ಸಂಗಡಿಗರು. ಉಂಗುರದ ಹಲವು ಕಡೆ ಹಾಡನ್ನು ಧ್ವನಿಮುದ್ರಿಸಿದರು, ರಕ್ತದ ಮಾದರಿಗಳನ್ನು ತಂದರು. ಹಿಮಾಲಯದಲ್ಲಿ ಹಾಡು ಚಿಕ್ಕದು, ಸರಳ. ಎರಡೂ ದಾರಿಗಳಲ್ಲಿ ಉತ್ತರಕ್ಕೆ ಹೋದಂತೆಲ್ಲ ಅದು ದೀರ್ಘವೂ ಜಟಿಲವೂ ಆಗುತ್ತದೆ, ಆದರೆ ಒಂದೊಂದು ದಾರಿಯಲ್ಲಿ ಒಂದೊಂದು ಬಗೆಯಾಗಿ. ಸೈಬೀರಿಯಾದಲ್ಲಿ ಪೂರ್ವದ ಹಾಡನ್ನು ಪಶ್ಚಿಮದ ಗಂಡಿಗೆ ಕೇಳಿಸಿದರೆ ಅದು ತನ್ನ ಎದುರಾಳಿಯ ಹಾಡೆಂದು ಬಗೆಯುವುದೇ ಇಲ್ಲ. ಇರ್ವಿನ್, ಬೆನ್ಷ್ ಮತ್ತು ಪ್ರೈಸ್ ಬರೆದ ಲೇಖನ 2001ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು. 2014ರಲ್ಲಿ ಅದೇ ಪತ್ರಿಕೆಯಲ್ಲಿ, ಇನ್ನೂ ಸೂಕ್ಷ್ಮವಾದ ಅನುವಂಶೀಯ ಪರೀಕ್ಷೆಯ ಫಲವಾಗಿ, ಒಂದು ತಿದ್ದುಪಡಿಯೂ ಬಂದಿತು: ಹಿಂದೆ ಈ ಉಂಗುರ ಕೆಲವೆಡೆ ತುಂಡಾಗಿ ಮತ್ತೆ ಕೂಡಿರಬೇಕು, ತುದಿಗಳ ನಡುವೆ ಅತ್ಯಲ್ಪ ಬೆರಕೆಯೂ ನಡೆದಿದೆ ಎಂದು. ನನಗೆ ಇದರಿಂದ ಕಥೆಯ ಸೊಗಸು ಕುಂದಿತೆನ್ನಿಸುವುದಿಲ್ಲ. ನೂರಾರು ರಾಜವಂಶಗಳ ವಂಶಾವಳಿಗಳನ್ನು ಹೇಳಿಕೊಟ್ಟವನಿಗೆ ಗೊತ್ತು, ಎಲ್ಲಿಯೂ ತುಂಡಾಗದ ವಂಶಾವಳಿಯನ್ನೇ ಹೆಚ್ಚು ಅನುಮಾನಿಸಬೇಕು.

ಇಲ್ಲಿ ಒಂದು ಮಾತನ್ನು ನೆನೆಯದೆ ಮುಂದೆ ಹೋಗಲಾರೆ. ಆ ಉಂಗುರದ ನಡುವಿನ ಬಯಲಿನ ಜನ ಇಂದು ನಮ್ಮ ನೆರೆಯವರು. 1960ರ ದಶಕದ ಮೊದಲಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ದೊರೆಯಿತು. ಮುಂದೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ನೆಲೆಯಾಯಿತು. ಅವರು ಬಂದಾಗ ಅಲ್ಲಿ ಕಾಡಿತ್ತು, ಕಡಿದು ಜೋಳ ಬೆಳೆದರು. ಈಗ ವಿಹಾರಗಳ ಅಂಗಳದಲ್ಲಿ ಅವರೇ ನೆಟ್ಟ ಮರಗಳು ದೊಡ್ಡವಾಗಿವೆ. ಪ್ರತಿ ಚಳಿಗಾಲ ಆ ಮರಗಳಿಗೆ, ಅವರ ನಾಡನ್ನು ಸುತ್ತು ಹಾಕಿದ ಹಕ್ಕಿಯ ವಂಶದವು ಬರುತ್ತವೆ. ಹಕ್ಕಿಗೆ ಗಡಿ ದಾಟಲು ಅಪ್ಪಣೆ ಬೇಕಿಲ್ಲ ಎಂಬ ಸವಕಲು ಮಾತನ್ನು ನಾನು ಆಡುವುದಿಲ್ಲ. ಅದಕ್ಕೂ ದಾಟಲಾಗದ ಗಡಿಯೊಂದಿದೆ, ಮರವಿಲ್ಲದ ನೆಲ.

ಅದಕ್ಕೆ ಸಾಕ್ಷಿ ಉಂಗುರದಲ್ಲಿಯೇ ಇದೆ. ಈಗ ಹಸುರು ಉಲಿಯಕ್ಕಿಯ ಉಂಗುರ ಪೂರ್ತಿಯಾಗಿಲ್ಲ. ಉತ್ತರ ಚೀನಾದಲ್ಲಿ ಒಂದು ದೊಡ್ಡ ತೆರಪಿದೆ. ಅಲ್ಲಿ ಶತಮಾನಗಳಿಂದ ಮನುಷ್ಯ ಕಾಡು ಕಡಿದು ಬಯಲು ಮಾಡಿದ್ದೇ ಇದಕ್ಕೆ ಕಾರಣವಿರಬೇಕೆಂದು ಸಂಶೋಧಕರ ಅಭಿಪ್ರಾಯ. ಅಂದರೆ ಲಕ್ಷಾಂತರ ವರ್ಷಗಳಲ್ಲಿ ಬರೆದ ಚರಿತ್ರೆಯೊಂದರ ಕೆಲವು ಹಾಳೆಗಳನ್ನು, ಓದುವ ಮೊದಲೇ, ಯಾರೋ ಒಲೆಗೆ ಹಾಕಿದ್ದಾರೆ.

ನಮ್ಮಲ್ಲಿಗೆ ಬರುವುದು ಮುಖ್ಯವಾಗಿ ಪಶ್ಚಿಮದ ಬಳಗ. ಪೂರ್ವದ್ದು ಚಳಿಗಾಲಕ್ಕೆ ಆಗ್ನೇಯ ಏಷ್ಯಾಕ್ಕೆ ಹೋಗುತ್ತದೆ. ಪಶ್ಚಿಮದ ಬಳಗ ಕಳೆದ ನೂರು ವರ್ಷಗಳಲ್ಲಿ ಇನ್ನೂ ಪಶ್ಚಿಮಕ್ಕೆ ಹರಡಿ ಫಿನ್ಲೆಂಡಿನವರೆಗೆ ಮುಟ್ಟಿದೆ. ಫಿನ್ಲೆಂಡಿನಲ್ಲಿ ಹುಟ್ಟಿದ ಮರಿಗೆ ಆಫ್ರಿಕ ಹತ್ತಿರ; ಆದರೂ ಅದು ತನ್ನ ಹಿರಿಯರು ಬಂದ ಹಳೆಯ ದಾರಿ ಹಿಡಿದು ಪೂರ್ವಕ್ಕೆ ತಿರುಗಿ, ಆಮೇಲೆ ದಕ್ಷಿಣಕ್ಕಿಳಿದು ಭಾರತಕ್ಕೇ ಬರುತ್ತದೆ. ಹೆಲ್ಸಿಂಕಿಯಿಂದ ಮೈಸೂರಿಗೆ ನೇರ ಗೆರೆ ಎಳೆದರೂ ಆರೂಮುಕ್ಕಾಲು ಸಾವಿರ ಕಿಲೋಮೀಟರ್. ಏಳು ಗ್ರಾಂ ಹಕ್ಕಿ, ರಾತ್ರಿಯ ಪಯಣ. ಗೂಡು ಕಟ್ಟುವ ಕೆಲಸಕ್ಕೆ ಅದು ಅಲ್ಲಿ ವಿನಿಯೋಗಿಸುವುದು ಎರಡು ಮೂರು ತಿಂಗಳು ಮಾತ್ರ: ನೆಲದ ಮೇಲೋ ದಿಬ್ಬದ ಸಂದಿಯಲ್ಲೋ ಪಾಚಿಯಿಂದ ಗುಮ್ಮಟದಂಥ ಗೂಡು, ನಾಲ್ಕೈದು ಬಿಳಿ ಮೊಟ್ಟೆ. ಹುಟ್ಟೂರನ್ನೇ ಊರೆನ್ನುವುದಾದರೆ ಇದು ಪರದೇಶಿ. ಹೆಚ್ಚು ದಿನ ಉಂಡ ಊರನ್ನು ಊರೆನ್ನುವುದಾದರೆ ಇದು ನಮ್ಮೂರಿನದು. ನಿಮ್ಮಲ್ಲಿ ಅಮೆರಿಕದಿಂದಲೂ ದುಬೈಯಿಂದಲೂ ಇದನ್ನು ಓದುವವರು ಈ ಲೆಕ್ಕವನ್ನು ನಿಮ್ಮ ನಿಮ್ಮಲ್ಲೇ ತೀರ್ಮಾನಿಸಿಕೊಳ್ಳಿ!

ಚಳಿಗಾಲದ ಬದುಕನ್ನು ಬಿಡಿಸಿ ನೋಡಿದವರು ಮೇಲೆ ಹೇಳಿದ ಟ್ರೆವರ್ ಪ್ರೈಸ್ ಮತ್ತು ಮಧುಸೂದನ ಕಟ್ಟಿ. ಪ್ರೈಸ್ ಆಂಧ್ರದ ಪೂರ್ವಘಟ್ಟಗಳಲ್ಲಿ ಕಂಡದ್ದನ್ನು 1981ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಇಬ್ಬರೂ ತಮಿಳುನಾಡಿನ ತಿರುನೆಲ್ವೇಲಿಯ ಮುಂಡಂತುರೈ ಕಾಡಿನಲ್ಲಿ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಗುರುತಿಟ್ಟರು. ಚಳಿಗಾಲದಲ್ಲಿ ಈ ಹಕ್ಕಿ ಅಲೆಮಾರಿಯಲ್ಲ. ಒಂದೊಂದಕ್ಕೂ ಕೆಲವೇ ಮರಗಳ ಒಂದು ಸ್ವಂತ ಎಲ್ಲೆ ಉಂಟು. ಗಂಡಾಗಲಿ ಹೆಣ್ಣಾಗಲಿ ಒಂಟಿಯಾಗಿ ಅದನ್ನು ಕಾಯುತ್ತದೆ. ನಾವು ಕೇಳುವ 'ಚಿ-ಸ್ವೀ' ಎಂಬುದು ಪಹಣಿ ಓದಿ ಹೇಳಿದಂತೆ, ಈ ಮರಗಳು ನನ್ನವು ಎಂಬ ಘೋಷಣೆ. ಬದುಕುಳಿದರೆ ಮರುವರ್ಷವೂ ಅದೇ ಮರಗಳಿಗೆ ಬರುತ್ತದೆ. ಮಳೆ ನಿಂತು ಬೇಸಿಗೆ ಹತ್ತಿರವಾದಂತೆ ಕೀಟಗಳು ಕಡಮೆಯಾಗುತ್ತವೆ. ಆದರೆ ಆಗಲೇ ಅದಕ್ಕೆ ಹೆಚ್ಚು ಖರ್ಚಿನ ಕೆಲಸ ಬೀಳುತ್ತದೆ: ಹೊರಡುವ ಮುನ್ನ ಹಳೆಯ ಗರಿಗಳನ್ನೆಲ್ಲ ಉದುರಿಸಿ ಹೊಸ ಗರಿ ತೊಡಬೇಕು. ಹಿಮಾಲಯವನ್ನು ದಾಟುವ ಆ ರೆಕ್ಕೆಗಳನ್ನು ಅದು ನೇಯುವುದು ದಕ್ಷಿಣದ ಮರಗಳ ಹುಳುಗಳಿಂದ.

ಹಾಗಾದರೆ ನಮ್ಮ ತಾಲ್ಲೂಕುಗಳಲ್ಲಿ ಅದಕ್ಕೆ ಯಾವ ಮರ ಉಳಿದಿದೆ? ನಾಗರಹೊಳೆಯ ಕಾಡು ಇದೆ, ನಿಜ. ಆದರೆ ಅದರ ಎಷ್ಟೋ ಭಾಗವನ್ನು ಹಿಂದಿನವರು ತೇಗದ ನೆಡುತೋಪು ಮಾಡಿದ್ದಾರೆ. ಮಾಘ ಕಳೆಯುವಷ್ಟರಲ್ಲಿ ತೇಗ ಬೋಳು, ಬೋಳುಮರದಲ್ಲಿ ಎಲೆ ಉಲಿಯಕ್ಕಿಗೇನು ಕೆಲಸ? ಆ ದಿನಗಳಲ್ಲಿ ಹೊಳೆದಂಡೆಯ ನೇರಳೆ, ಹೊಂಗೆ, ಹಡ್ಲುಗಳ ಅಂಚಿನ ಹಸುರು ಮರಗಳೇ ಗತಿ. ಅಂಥ ಹೊಳೆದಂಡೆಯ ಕಾಡಿನ ದೊಡ್ಡ ಭಾಗವೊಂದು 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಹುಣಸೂರಿನ ಮರದ ಚರಿತ್ರೆ ಇನ್ನೂ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನ್ಯಕ್ಕೆ ಗಾಡಿಗಳನ್ನೂ ಚರ್ಮದ ಸಾಮಾನನ್ನೂ ಸಿದ್ಧಪಡಿಸುವ ಸರ್ಕಾರಿ ಕಾರ್ಖಾನೆ ಅಲ್ಲಿತ್ತು. ಕಾಡಿನ ಮರ ಗಾಡಿಯ ಚಕ್ರವಾಗಿ ದೇಶಾಂತರ ಹೋಗುತ್ತಿತ್ತು. ಕೃಷ್ಣರಾಜನಗರದ ಕಡೆ ಕಾಡೆಂಬುದೇ ಇಲ್ಲ. ಕಾವೇರಿಯ ದಂಡೆ, ನಾಲೆಯ ಏರಿ, ಊರ ಮುಂದಿನ ಅರಳಿಕಟ್ಟೆ, ಇಷ್ಟೆ.

ಕಾಡಿನ ಹೊರಗೆ ಈ ಹಕ್ಕಿಯ ನಿಜವಾದ ಆಸ್ತಿ ನಮ್ಮ ಗುಂಡುತೋಪುಗಳು. ಹಳೆಯ ಮೈಸೂರಿನ ಪ್ರತಿ ಊರಿಗೂ ಒಂದು ತೋಪಿರಬೇಕೆಂಬ ಪದ್ಧತಿ ಇತ್ತು: ಮಾವು, ಹುಣಿಸೆ, ನೇರಳೆ, ಹೊಂಗೆ, ಅಂಚಿಗೊಂದು ಆಲ. ಜಾತ್ರೆಗೆ ಬಂದವರ ಗಾಡಿ ಬಿಡಲು, ದನ ನಿಲ್ಲಿಸಲು, ಪಂಚಾಯಿತಿ ಕೂಡಲು ನೆರಳು. ನೆಟ್ಟವರು ಹಕ್ಕಿಯನ್ನು ನೆನೆದು ನೆಡಲಿಲ್ಲ. ಆದರೂ ಬೇಸಿಗೆಯಲ್ಲಿ ಎಲೆ ಉಳಿಸಿಕೊಳ್ಳುವ ಮರಗಳನ್ನೇ ಆರಿಸಿ ನೆಟ್ಟಿದ್ದರಿಂದ ಒಂದೊಂದು ತೋಪೂ ಹಲವು ಉಲಿಯಕ್ಕಿಗಳಿಗೆ ಎಲ್ಲೆ ಹಂಚಿಕೊಡಬಲ್ಲ ಜಹಗೀರಾಯಿತು.

ಇನ್ನು ತಂಬಾಕು. ನಮ್ಮ ನಾಲ್ಕು ತಾಲ್ಲೂಕುಗಳ ಹೆಸರನ್ನು ಒಟ್ಟಿಗೆ ಹೇಳಿದರೆ ವ್ಯಾಪಾರಿಗಳಿಗೆ ಮೊದಲು ನೆನಪಾಗುವುದು ವರ್ಜೀನಿಯ ಸೊಪ್ಪೇ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ, ಐದಾರು ದಿನ ಹಗಲೂ ರಾತ್ರಿಯೂ ಶಾಖ ಆರದಂತೆ ಸೌದೆ ಉರಿಸಬೇಕು. ಜುಲೈ, ಆಗಸ್ಟಿನಲ್ಲಿ ನಮ್ಮ ಕಡೆಯ ಶಾಲೆಗಳ ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳು ಏಕೆ ಹೆಚ್ಚುತ್ತಿದ್ದವೆಂದು ಹಾಜರಿ ಕೂಗಿದವರಿಗೆಲ್ಲ ತಿಳಿದಿತ್ತು; ರಾತ್ರಿ ಬ್ಯಾರನ್ನಿನ ಮುಂದೆ ಎಚ್ಚರವಿದ್ದ ಹುಡುಗರು ಬೆಳಗ್ಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಒಂದು ಕಿಲೋ ಸೊಪ್ಪು ಹದವಾಗಲು ಹಲವು ಕಿಲೋ ಸೌದೆ ಬೇಕು. ಆ ಸೌದೆಯಾಗಿ ಹೊಲದ ಬದುವಿನ ಮರ ಹೋಯಿತು, ಗೋಮಾಳದ ಮರ ಹೋಯಿತು, ಕೆಲವೂರುಗಳಲ್ಲಿ ಗುಂಡುತೋಪೂ ಹೋಯಿತು. ಬದಲಿಗೆ ಬಂದ ನೀಲಗಿರಿಯೂ ಸಿಲ್ವರ್ ಓಕೂ ಬೇಗ ಬೆಳೆಯುತ್ತವೆ, ಬೇಗ ಉರಿಯುತ್ತವೆ. ಆದರೆ ನೀಲಗಿರಿಯ ಎಲೆಯಲ್ಲಿ ಹುಳು ಹುಡುಕುವ ಹಕ್ಕಿಯ ಪಾಡು ಬರಗಾಲದ ಊರಿನ ಭಿಕ್ಷುಕನದು. ಈ ಸೊಪ್ಪಿನ ಹಣದಿಂದಲೇ ನಿಮ್ಮಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದಿರಿ. ಆದ್ದರಿಂದ ತಂಬಾಕು ಬೆಳೆದವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಸುಟ್ಟದ್ದರ ಲೆಕ್ಕವನ್ನು ಸುಮ್ಮನೆ ಮರೆಯುವುದು ಚರಿತ್ರೆ ಹೇಳಿಕೊಟ್ಟವನಿಗೆ ಸಲ್ಲದು. ನಾಲ್ಕು ಹುಣಿಸೆ ಮರಗಳ ಎಲ್ಲೆಯನ್ನು ನಂಬಿ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಆ ಜಾಗದಲ್ಲಿ ಬೂದಿ ಕಂಡರೆ, ಪಕ್ಕದ ತೋಪಿಗೆ ಹೋಗುವಂತಿಲ್ಲ. ಅಲ್ಲಿಯ ಮರಗಳಿಗೆ ಆಗಲೇ ಒಡೆಯರಿದ್ದಾರೆ.

ಕೊನೆಯ ಸೊಪ್ಪು ಬ್ಯಾರನ್ನಿನಿಂದ ಇಳಿಯುವ ಸೆಪ್ಟೆಂಬರಿನ ಹೊತ್ತಿಗೆ ಮೊದಲ ಉಲಿಯಕ್ಕಿಗಳು ಬರುತ್ತವೆ. ಹೊಸ ಸಸಿ ಹೊಲಕ್ಕೆ ಬೀಳುವ ಏಪ್ರಿಲ್ ಕಳೆಯುವಾಗ ಹೊರಟುಬಿಡುತ್ತವೆ. ಅದಕ್ಕೆ ಮುನ್ನ, ಯುಗಾದಿಯ ಆಸುಪಾಸಿನಲ್ಲಿ, ಹೊಂಗೆ ಚಿಗುರುವ ಹೊತ್ತಿಗೆ, ಆರು ತಿಂಗಳು ಎರಡಕ್ಷರದಲ್ಲೇ ಕಾಲ ಕಳೆದ ಹಕ್ಕಿ ಕೆಲವು ಬೆಳಗುಗಳಲ್ಲಿ ಪೂರ್ತಿ ಹಾಡನ್ನೇ ಹಾಡುವುದುಂಟು. ಸಣ್ಣ, ಚುರುಕಾದ, ಒಂದರ ಮೇಲೊಂದು ಬೀಳುವ ಸ್ವರಗಳು. ಎರಡು ಮೂರು ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಅದು ಉಂಗುರದ ಪಶ್ಚಿಮದ ದಾರಿಯ ಹಾಡು.